ಮೊಘಲ್ ಆಸ್ಥಾನದ ಕೊಲೆ ಕಥೆ ಬರೆಯುವುದಾದರೆ ಯಾವ ಸಾವನ್ನು ಆರಿಸಿಕೊಳ್ಳಬೇಕು?

ಪತ್ತೇದಾರಿ ಕಾದಂಬರಿ ಓದಿ ಬೆಳೆದವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಇತಿಹಾಸದ ಹುಚ್ಚು ಹಿಡಿಸಿಕೊಂಡವರೂ ಕಡಿಮೆ ಇಲ್ಲ. ಎರಡೂ ಒಬ್ಬರಲ್ಲೇ ಸೇರಿದರೆ ಒಂದು ಆಸೆ ಹುಟ್ಟುತ್ತದೆ: ಮೊಘಲ್ ಅರಮನೆಯಲ್ಲಿ ಒಂದು ಕೊಲೆ, ಅದರ ಗಂಟು ಬಿಡಿಸುವ ಒಬ್ಬ ಮನುಷ್ಯ, ಅದೂ ಕನ್ನಡದಲ್ಲಿ. ಹಾಗೆ ಹೊರಟವರು ಮೊದಲ ಹೆಜ್ಜೆಯಲ್ಲೇ ನಿಂತುಬಿಡುತ್ತಾರೆ. ಬಾಬರನ ಕಾಲ ಇಟ್ಟುಕೊಳ್ಳಲಾ, ಅಕ್ಬರನ ಕಾಲವಾ? ಜಹಾಂಗೀರನ ಮಗ ಖುಸ್ರೋ ಸಾವು ಚೆನ್ನಾಗಿರುತ್ತದೆ ಅಲ್ವಾ? ಅಕ್ಬರನ ಆಪ್ತ, ಅವನ ಚರಿತ್ರೆ ಬರೆದ ಅಬುಲ್ ಫಜಲ್ ಕೊಲೆ ಬಿಡುವುದು ಹೇಗೆ?

ನಾನು ಕೂಡ ಹೀಗೇ ನಿಂತಿದ್ದೆ. ಔರಂಗಜೇಬನ ಅಣ್ಣ ದಾರಾ ಶಿಕೋಹ್‌ನ ಸಾವು ಮನಸ್ಸಿಗೆ ತುಂಬಾ ಹತ್ತಿರ. ಅದನ್ನೇ ಬರೆಯೋಣ ಎಂದು ಕೂತು ತಿಂಗಳುಗಟ್ಟಲೆ ಟಿಪ್ಪಣಿ ಮಾಡಿದೆ. ಆಮೇಲೆ ಗೊತ್ತಾಯಿತು, 1659ರ ಆ ಸಾವಿನಲ್ಲಿ ದುಃಖ ಇದೆ, ಗುಟ್ಟಿಲ್ಲ. ಔರಂಗಜೇಬ್ ಮುಚ್ಚುಮರೆ ಇಲ್ಲದೆ ಕೊಲ್ಲಿಸಿದ. ಹುಡುಕುವುದಕ್ಕೆ ಏನೂ ಉಳಿದಿರಲಿಲ್ಲ. ಆ ತಿಂಗಳುಗಳು ನಿಮಗೆ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಏನನ್ನು ನೋಡಬೇಕು

ಸತ್ತವನು ಎಷ್ಟು ದೊಡ್ಡ ಮನುಷ್ಯ ಎಂದು ನೋಡಬೇಡಿ. ಪ್ರಶ್ನೆ ಕೇಳುವ ಹಕ್ಕು ಯಾರಿಗಿತ್ತು ಎಂದು ನೋಡಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಅಳತೆಗೋಲು ಇದೇ. ನಮ್ಮ ಕಾಲದ ಕಥೆಯಲ್ಲಿ ಇನ್ಸ್‌ಪೆಕ್ಟರ್ ಯಾರ ಮನೆ ಬಾಗಿಲನ್ನಾದರೂ ತಟ್ಟಬಹುದು. ಮೊಘಲ್ ಆಸ್ಥಾನದಲ್ಲಿ ಹಾಗಾಗುವುದಿಲ್ಲ. ಕೋತ್ವಾಲನ, ಅಂದರೆ ಊರಿನ ಕಾವಲಿನ ಅಧಿಕಾರಿಯ, ಅಧಿಕಾರ ಪೇಟೆಯದ್ದು. ಮನೆಗಳ ಪಟ್ಟಿ ಇಡುತ್ತಾನೆ, ಬೀದಿಗೆ ಗೂಢಚಾರರನ್ನು ಬಿಡುತ್ತಾನೆ, ಆದರೆ ಶಹಜಾದೆಯ, ಅಂದರೆ ರಾಜಕುಮಾರನ, ಡೇರೆಗೆ ಕಾಲಿಡುವ ಹಾಗಿಲ್ಲ. ಜನಾನಾದ, ಅಂದರೆ ಅಂತಃಪುರದ, ಕಾವಲನ್ನು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ವಿವರಿಸಿದ್ದಾನೆ. ಒಳಗೆ ಹೆಣ್ಣು ಕಾವಲುಗಾರರು, ಬಾಗಿಲ ಹೊರಗೆ ಖ್ವಾಜಾಸರಾಗಳು (ನಪುಂಸಕ ಸೇವಕರು), ಅವರಿಂದಾಚೆ ರಜಪೂತರು, ಅದಕ್ಕೂ ಆಚೆ ದ್ವಾರಪಾಲಕರು. ಇಷ್ಟು ಸುತ್ತು ದಾಟಿ ಒಳಗೆ ಹೋಗಿ "ನಿನ್ನೆ ರಾತ್ರಿ ನೀವೆಲ್ಲಿದ್ದಿರಿ?" ಎಂದು ಯಾರು ಕೇಳುತ್ತಾರೆ? ಇದಕ್ಕೆ ಉತ್ತರ ಇಲ್ಲದ ಪ್ರಕರಣ ಎಷ್ಟೇ ರೋಚಕವಾಗಿದ್ದರೂ ನೂರನೇ ಪುಟಕ್ಕೆ ನಿಂತುಹೋಗುತ್ತದೆ.

ಎರಡನೆಯದು, ಪ್ರಶ್ನೆ ನಿಜವಾಗಿಯೂ ತೆರೆದಿದೆಯಾ ಎಂಬುದು. "ಯಾರು ಕೊಂದರು" ಎಂಬುದೇ ಆಗಬೇಕಿಲ್ಲ. "ಯಾರು ಹೇಳಿಸಿದರು", "ಯಾರು ಕಣ್ಣು ಮುಚ್ಚಿಕೊಂಡರು" ಎಂಬುದೂ ಪ್ರಶ್ನೆಯೇ. ಮೂರನೆಯದು ಜಾಗ. ಅಡುಗೆಮನೆಯ ಹಾಗೆ ನಾಲ್ಕು ಗೋಡೆಯೊಳಗೆ ನಡೆದದ್ದಾ, ಬಯಲಿನಲ್ಲಿ ನಡೆದದ್ದಾ? ನಾಲ್ಕನೆಯದು, ಹತ್ತಿರದಿಂದ ನೋಡಿದವರು ಬರೆದಿಟ್ಟಿದ್ದಾರಾ? ಕೊನೆಯದು ನಿಮ್ಮ ಸಮಯ ಮತ್ತು ಜೇಬು. ಬಾಬರ್‌ನಾಮಾ, ಅಕ್ಬರ್‌ನಾಮಾ, ಜಹಾಂಗೀರನ ಆತ್ಮಕಥೆ ಇವುಗಳ ಹಳೆಯ ಇಂಗ್ಲಿಷ್ ಅನುವಾದಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಹಾಗಾಗಿ ಓದುವುದಕ್ಕೆ ಖರ್ಚಿಲ್ಲ, ಜಾಗ ನೋಡಿ ಬರುವುದಕ್ಕೆ ಖರ್ಚಿದೆ.

ಬಾಬರನ ತಟ್ಟೆ, 1526

ಮೊದಲ ಸಲ ಬರೆಯುವವರಿಗೆ, ಅದರಲ್ಲೂ ಸಣ್ಣ ಕಥೆ ಬರೆಯುವವರಿಗೆ, ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಇಲ್ಲಿ ಯಾರೂ ವಿಷದಿಂದ ಸಾಯಲಿಲ್ಲ, ಆದರೆ ಸಂಚು ಪೂರ್ತಿ ನಡೆದಿತ್ತು. ಸಾಯಬೇಕಿದ್ದವನೇ ಅದನ್ನು ಬರೆದಿಟ್ಟಿದ್ದಾನೆ.

ಪಾಣಿಪತ್ ಯುದ್ಧ ಮುಗಿದು ಎಂಟು ತಿಂಗಳಾಗಿದೆ. ಬಾಬರ್ ಆಗ್ರಾದಲ್ಲಿದ್ದಾನೆ. ಹಿಂದೂಸ್ತಾನದ ಅಡುಗೆಯ ರುಚಿ ನೋಡಬೇಕೆಂದು ಸತ್ತ ಇಬ್ರಾಹಿಂ ಲೋದಿಯ ಅಡುಗೆಯವರನ್ನು ಕರೆಸುತ್ತಾನೆ. ಐವತ್ತು ಅರವತ್ತು ಜನರಲ್ಲಿ ನಾಲ್ವರನ್ನು ಇಟ್ಟುಕೊಳ್ಳುತ್ತಾನೆ. ಇಬ್ರಾಹಿಂನ ತಾಯಿಗೆ ಇದು ಗೊತ್ತಾಗುತ್ತದೆ. ಆಕೆ ಇಟಾವಾದಿಂದ ಅಹ್ಮದ್ ಎಂಬ ಚಾಷ್ನಿಗೀರನನ್ನು, ಅಂದರೆ ಊಟದ ರುಚಿ ನೋಡುವವನನ್ನು, ಕರೆಸಿ ಒಂದು ತೊಲ ವಿಷವನ್ನು ಕಾಗದದಲ್ಲಿ ಕಟ್ಟಿ ದಾಸಿಯ ಕೈಯಲ್ಲಿ ಕಳಿಸುತ್ತಾಳೆ. ಅಹ್ಮದ್ ಅದನ್ನು ಬಾಬರನ ಅಡುಗೆಮನೆಯ ಒಬ್ಬನಿಗೆ ಕೊಟ್ಟು ನಾಲ್ಕು ಪರಗಣೆಗಳ ಆಸೆ ತೋರಿಸುತ್ತಾನೆ. ಕೊಟ್ಟಳೋ ಇಲ್ಲವೋ ನೋಡಿ ಬಾ ಎಂದು ಮೊದಲ ದಾಸಿಯ ಹಿಂದೆ ಇನ್ನೊಬ್ಬ ದಾಸಿಯನ್ನೂ ಆಕೆ ಕಳಿಸಿರುತ್ತಾಳೆ. ಆ ಎರಡನೇ ದಾಸಿಯ ಮೇಲೇ ಒಂದು ಕಥೆ ನಿಲ್ಲಿಸಬಹುದು.

ವಿಷ ಹಂಡೆಗೆ ಬೀಳಲಿಲ್ಲ, ಯಾಕೆಂದರೆ ಅಡುಗೆ ಬೇಯುವಾಗ ಬಕಾವಲರು, ಅಂದರೆ ಅಡುಗೆಯ ಮೇಲ್ವಿಚಾರಕರು, ಪಕ್ಕದಲ್ಲೇ ನಿಂತು ರುಚಿ ನೋಡಬೇಕೆಂದು ಬಾಬರ್ ಅಪ್ಪಣೆ ಮಾಡಿದ್ದ. ಬಡಿಸುವ ಹೊತ್ತಿಗೆ ಅವರ ಗಮನ ತಪ್ಪಿತು. ತಟ್ಟೆಯಲ್ಲಿ ಹಾಸಿದ ತೆಳು ರೊಟ್ಟಿಯ ಮೇಲೆ ಅಡುಗೆಯವನು ಅರ್ಧಕ್ಕಿಂತ ಕಡಿಮೆ ವಿಷ ಉದುರಿಸಿದ. ಗಾಬರಿಯಲ್ಲಿ ಉಳಿದದ್ದನ್ನು ಒಲೆಗೆ ಎಸೆದ. ಬಾಬರ್ ಎರಡು ತುತ್ತು ತಿನ್ನುವಷ್ಟರಲ್ಲಿ ಹೊಟ್ಟೆ ತೊಳಸಿತು, ಎದ್ದು ಹೋಗಿ ವಾಂತಿ ಮಾಡಿದ. ಕುಡಿದಾಗಲೂ ತಾನು ಎಂದೂ ವಾಂತಿ ಮಾಡಿದವನಲ್ಲ ಎಂಬುದು ನೆನಪಾಗಿ ಅನುಮಾನ ಹುಟ್ಟಿತು. ಅಡುಗೆಯವರನ್ನು ಕಾವಲಲ್ಲಿ ಇಡಿಸಿ, ವಾಂತಿಯನ್ನು ನಾಯಿಗೆ ಹಾಕಿಸಿದ. ನಾಯಿಯ ಹೊಟ್ಟೆ ಊದಿತು, ಕಲ್ಲು ಹೊಡೆದರೂ ಅದು ಏಳಲಿಲ್ಲ.

ಇಲ್ಲಿ ಕೇಳುವ ಹಕ್ಕಿನ ತೊಂದರೆಯೇ ಇಲ್ಲ. ಕೇಳುವವನು ಬಾದಷಹನೇ. ಶುಕ್ರವಾರದ ಊಟ, ಸೋಮವಾರದ ದರ್ಬಾರಿನಲ್ಲಿ ವಿಚಾರಣೆ. ಮಧ್ಯೆ ಇರುವ ಎರಡು ಮೂರು ದಿನವೇ ನಿಮ್ಮ ಕಥೆಯ ಅವಧಿ. ಜಾಗ ಅಡುಗೆಮನೆ, ಪಾತ್ರಗಳು ಐದಾರು. ಪುಸ್ತಕದ ನಾಲ್ಕೈದು ಪುಟ ಓದಿದರೆ ಸಾಕು, ಒಂದು ವಾರಾಂತ್ಯದಲ್ಲಿ ಕರಡು ಮುಗಿಯುತ್ತದೆ. ಕೊರತೆ ಒಂದೇ: ಉತ್ತರ ಪೂರ್ತಿ ಗೊತ್ತು. ಚಾಷ್ನಿಗೀರನನ್ನು ತುಂಡರಿಸಿದರು, ಅಡುಗೆಯವನ ಚರ್ಮ ಸುಲಿದರು, ಒಬ್ಬ ದಾಸಿಯನ್ನು ಆನೆಯ ಕಾಲಿಗೆ ಹಾಕಿದರು, ಇನ್ನೊಬ್ಬಳನ್ನು ಕೋವಿಯಿಂದ ಸುಟ್ಟರು. ದೊಡ್ಡ ಕಾದಂಬರಿಗೆ ಎಳೆದರೆ ತೆಳುವಾಗುತ್ತದೆ. ಓದುವವರ ಎದೆ ಹಿಂಡುವುದು ಅಪರಾಧಿ ಸಿಕ್ಕಿದ ಗಳಿಗೆ ಅಲ್ಲ, ಮಗನನ್ನು ಕಳೆದುಕೊಂಡ ಆ ತಾಯಿ. ಅವಳ ಕಡೆಯಿಂದ ಬರೆಯುವ ಧೈರ್ಯ ಇದ್ದರೆ ಖಂಡಿತ ಬರೆಯಿರಿ.

ಆಗ್ರಾದ ಮೇಲುಪ್ಪರಿಗೆ, 1562

ಅಕ್ಬರನಿಗೆ ಆಗ ಹತ್ತೊಂಬತ್ತು ವರ್ಷ. ಮೇ ತಿಂಗಳ ಒಂದು ದಿನ ಅವನ ಸಾಕುತಾಯಿ ಮಾಹಂ ಅನಗಾಳ ಮಗ ಆಧಂ ಖಾನ್ ತನ್ನವರ ಜೊತೆ ಅರಮನೆಯ ಕಚೇರಿಗೆ ನುಗ್ಗಿ, ಅಲ್ಲಿ ಕೆಲಸದಲ್ಲಿದ್ದ ಮಂತ್ರಿ ಅತಗಾ ಖಾನ್‌ನನ್ನು ಕೊಲ್ಲಿಸಿದ. ಆಮೇಲೆ ಜನಾನಾದ ಕಡೆ ಓಡಿದ. ನಿಯಾಮತ್ ಎಂಬ ಖ್ವಾಜಾಸರಾ ಬಾಗಿಲು ಹಾಕಿಕೊಂಡು ಬಿಡಲೇ ಇಲ್ಲ. ಗದ್ದಲಕ್ಕೆ ಎದ್ದ ಅಕ್ಬರ್ ಬೇರೆ ಬಾಗಿಲಿಂದ ಬಂದು ಆಧಂ ಖಾನ್‌ನ ಮುಖಕ್ಕೆ ಗುದ್ದಿದ. ಅವನನ್ನು ಮೇಲಿಂದ ಕೆಳಗೆ ಎಸೆಯಲು ಹೇಳಿದ. ಸಾಯಲಿಲ್ಲ ಎಂದು ಮತ್ತೆ ಮೇಲಕ್ಕೆ ತರಿಸಿ ಎರಡನೇ ಸಲ ಎಸೆಸಿದ. ನಲವತ್ತು ದಿನಕ್ಕೆ ಮಾಹಂ ಅನಗಾ ಕೊರಗಿ ಸತ್ತಳು.

ದೃಶ್ಯ ಅದ್ಭುತ, ಆದರೆ ಕೊಲೆ ಎಲ್ಲರ ಕಣ್ಣೆದುರೇ ಆಯಿತು. ತೆರೆದಿರುವ ಪ್ರಶ್ನೆ ಒಂದೇ: ಆಧಂ ಖಾನ್‌ನ ತಲೆ ಕೆಡಿಸಿದವರು ಯಾರು? ಹಿರಿಯ ಸರದಾರ ಮುನೀಮ್ ಖಾನ್‌ನ ಮೇಲೆ ಅನುಮಾನ ಇತ್ತು. ಅವನು ಹೆದರಿ ಓಡಿಹೋದ. ಹಿಡಿದು ತಂದ ಮೇಲೆ ಅಕ್ಬರ್ ಅವನನ್ನು ಕ್ಷಮಿಸಿಬಿಟ್ಟ. ಯಾಕೆ ಕ್ಷಮಿಸಿದ? ಅದನ್ನು ಕೇಳುವ ಹಕ್ಕು ಆಸ್ಥಾನದಲ್ಲಿ ಯಾರಿಗೂ ಇರಲಿಲ್ಲ. ನಾಟಕ ಬರೆಯುವವರಿಗೆ, ಒಂದು ರಂಗದಲ್ಲಿ ಒಂದೂವರೆ ಗಂಟೆಗೆ ಮುಗಿಸುವವರಿಗೆ, ಇದು ಸರಿಹೊಂದುತ್ತದೆ. ಪತ್ತೇದಾರಿಗೆ ಬೇಡ ಎನ್ನುತ್ತೇನೆ. ದೆಹಲಿಗೆ ಹೋದರೆ ಇಬ್ಬರ ಗೋರಿಯನ್ನೂ ಒಂದೇ ದಿನದಲ್ಲಿ ನೋಡಬಹುದು. ಕೊಂದವನದು ಮೆಹರೌಲಿಯಲ್ಲಿ, ಸತ್ತವನದು ನಿಜಾಮುದ್ದೀನ್ ದರ್ಗಾದ ಪಕ್ಕದಲ್ಲಿ.

1564ರಲ್ಲಿ ದೆಹಲಿಯಲ್ಲಿ ಅಕ್ಬರನ ಭುಜಕ್ಕೆ ಬಾಣ ಬಿದ್ದದ್ದನ್ನೂ ಕೆಲವರು ಹೇಳುತ್ತಾರೆ. ಅದೇ ಮಾಹಂ ಅನಗಾ ಕಟ್ಟಿಸಿದ ಮದರಸಾದ ಮೇಲಿಂದ ಬಂದ ಬಾಣ ಅದು. ಬಿಟ್ಟವನನ್ನು ಬಾಯಿ ಬಿಡಿಸುವ ಮೊದಲೇ ಕಡಿದು ಹಾಕಿದರು. ಒಳ್ಳೆಯ ಮೊದಲ ಅಧ್ಯಾಯ, ಆದರೆ ಆಮೇಲೆ ಹಿಡಿದುಕೊಂಡು ಹೋಗಲು ದಾರ ಸಿಗುವುದಿಲ್ಲ.

ಅಬುಲ್ ಫಜಲ್, 1602

ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮೇಲ್ನೋಟಕ್ಕೆ ಇದು ಮೇಲೆ ಹೇಳಿದ ಅಳತೆಗೆಲ್ಲ ಸೋಲುತ್ತದೆ. ಕೊಲೆ ಬಯಲಿನಲ್ಲಿ ಆಯಿತು. ಕೊಂದವನು ಓರ್ಛಾದ ಬುಂದೇಲ ವೀರ್ ಸಿಂಗ್ ದೇವ್ ಎಂದು ಎಲ್ಲರಿಗೂ ಗೊತ್ತು. ಮಾಡಿಸಿದವನು ಅಕ್ಬರನ ಮಗ ಶಹಜಾದೆ ಸಲೀಮ್ ಎಂಬುದೂ ಗೊತ್ತು. ಅವನು ಜಹಾಂಗೀರ್ ಆದ ಮೇಲೆ ತನ್ನ ಆತ್ಮಕಥೆಯಲ್ಲಿ ಅದನ್ನು ಒಪ್ಪಿಕೊಂಡು ಬರೆದಿದ್ದಾನೆ. ಹಾಗಾದರೆ ಹುಡುಕುವುದು ಏನನ್ನು?

ಅಬುಲ್ ಫಜಲ್ ದಖ್ಖನಿನಿಂದ ಆಗ್ರಾಕ್ಕೆ ಹೊರಟಿದ್ದ. ಮಗ ಅಲಹಾಬಾದಿನಲ್ಲಿ ತಿರುಗಿಬಿದ್ದಿದ್ದಾನೆ, ಬೇಗ ಬಾ ಎಂದು ಅಕ್ಬರ್ ಕರೆಸಿದ್ದ. ದಾರಿಯಲ್ಲಿ ಅಪಾಯ ಇದೆ ಎಂದು ಹೇಳಿದವರು ಒಬ್ಬಿಬ್ಬರಲ್ಲ. ಸಿರೋಂಜಿನಲ್ಲಿ ತನ್ನ ಹಳೆಯ ದಂಡನ್ನು ಬಿಟ್ಟು, ಗೋಪಾಲದಾಸ್ ಎಂಬವನು ಹೊಸದಾಗಿ ಸೇರಿಸಿದ ಸವಾರರನ್ನು ಕರೆದುಕೊಂಡು ಮುಂದೆ ಹೋದ. ಹತ್ತಿರದ ಅಂತ್ರಿಯಲ್ಲಿ ಬಾದಷಹನ ಸೈನ್ಯವೇ ಇತ್ತು, ಅಲ್ಲಿಗೆ ಹೋಗಿಬಿಡಿ ಎಂದು ಜೊತೆಯವರು ಬೇಡಿಕೊಂಡರು. ಅವನು ಓಡಲು ಒಪ್ಪಲಿಲ್ಲ. ಆಗಸ್ಟ್ 12ರಂದು ಈಟಿಗೆ ಬಿದ್ದ. ತಲೆ ಅಲಹಾಬಾದಿಗೆ ಹೋಯಿತು. ಅಕ್ಬರ್ ಸೈನ್ಯ ಕಳಿಸಿದ. ಬೇತ್ವಾ ದಡದ ಎರಚ್ ಕೋಟೆಯಲ್ಲಿ ವೀರ್ ಸಿಂಗ್ ಸಿಕ್ಕಿಬಿದ್ದ. ಸುತ್ತಲೂ ಮುತ್ತಿಗೆ ಇದ್ದರೂ ರಾತ್ರೋರಾತ್ರಿ ಗೋಡೆ ಕೊರೆದು ಪಾರಾಗಿ ಹೋದ.

ಇಲ್ಲಿ ಪ್ರಶ್ನೆಗಳು ಏಳುತ್ತವೆ. ಹಳೆಯ ದಂಡನ್ನು ಬಿಡಿಸಿದ್ದು ಸುಮ್ನೆ ಆದ ತಪ್ಪಾ? ಮುತ್ತಿಗೆಯಲ್ಲಿ ಯಾರ ಪಾಳೆಯದ ಎದುರಿನ ಗೋಡೆ ಒಡೆಯಿತು? ನಾಳೆ ಸಲೀಮನೇ ಬಾದಷಹ ಆಗುತ್ತಾನೆ ಎಂದು ಎಷ್ಟು ಜನ ಸರದಾರರು ಒಳಗೊಳಗೇ ಲೆಕ್ಕ ಹಾಕಿದ್ದರು?

ಇವನ್ನು ಕೇಳುವುದಕ್ಕೆ ಬಾದಷಹನೇ ಒಬ್ಬನನ್ನು ಕಳಿಸಿದ್ದಾನೆ ಎಂಬುದೇ ಇದರ ಭಾಗ್ಯ. ಅವನ ಹೆಸರು ಅಸದ್ ಬೇಗ್, ಇರಾನಿನ ಕಜ್ವೀನ್ ಮೂಲದವನು. ವರ್ಷಗಟ್ಟಲೆ ಅಬುಲ್ ಫಜಲನ ಸೇವೆಯಲ್ಲಿದ್ದವನು. ಸಿರೋಂಜಿನಲ್ಲಿ "ನಾನೂ ಬರುತ್ತೇನೆ" ಎಂದರೂ ಹಿಂದೆ ಉಳಿಯಬೇಕಾದವನು. ಅವನನ್ನೇ ಅಕ್ಬರ್ ಎರಚ್‌ಗೆ ಕಳಿಸಿ, ಕೊಲೆಗಾರ ಯಾರ ತಪ್ಪಿನಿಂದ ಪಾರಾದ ಎಂದು ವಿಚಾರಿಸಲು ಹೇಳಿದ. ಸರದಾರರನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಶಾಹಿ ಹುಕುಂ ಅವನ ಕೈಯಲ್ಲಿತ್ತು. ಅವನು ಕೊಟ್ಟ ವರದಿ ಏನು ಗೊತ್ತಾ? ಎಲ್ಲರದ್ದೂ ಅಲಕ್ಷ್ಯ ಇದೆ, ಬೇಕೆಂದು ದ್ರೋಹ ಮಾಡಿದವರು ಯಾರೂ ಇಲ್ಲ.

ನನಗೆ ಈ ವರದಿ ಓದಿದ ದಿನ ನಿದ್ದೆ ಬರಲಿಲ್ಲ. ಸ್ವಂತ ಯಜಮಾನನ ಸಾವಿನ ತನಿಖೆಗೆ ಹೋದವನು ಹಾಗೆ ಬರೆದದ್ದು ನಿಜವೆಂದಾ, ಅಥವಾ ಮುದಿ ಬಾದಷಹನನ್ನೂ ಬರಲಿರುವ ಬಾದಷಹನನ್ನೂ ಒಟ್ಟಿಗೆ ನೋಡಿ ಬರೆದದ್ದಾ? ನಿಮ್ಮ ಕಾದಂಬರಿ ಈ ಪ್ರಶ್ನೆಯೊಳಗೇ ಇದೆ. ಪತ್ತೇದಾರನಿಗೆ ಕೊಲೆಗಾರ ಮೊದಲೇ ಗೊತ್ತು, ಓದುಗರಿಗೂ ಗೊತ್ತು. ಗೊತ್ತಿಲ್ಲದಿರುವುದು ಸತ್ಯವನ್ನು ಎಷ್ಟು ಹೇಳಬಹುದು ಎಂಬುದು.

ಕನ್ನಡದವರಿಗೆ ಇನ್ನೊಂದು ಕಾರಣಕ್ಕೂ ಅಸದ್ ಬೇಗ್ ಬೇಕು. ಮುಂದೆ ಅಕ್ಬರ್ ಅವನನ್ನು ಬಿಜಾಪುರಕ್ಕೆ, ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನಕ್ಕೆ ಕಳಿಸಿದ. ನಮ್ಮ ಕಡೆ ಜಗದ್ಗುರು ಬಾದಷಹ ಎಂದು ಕರೆಸಿಕೊಂಡ ಸುಲ್ತಾನ ಅವನು. ಅಸದ್ ಬೇಗ್ ಅಲ್ಲಿ ಮೊದಲ ಸಲ ಹೊಗೆಸೊಪ್ಪು ನೋಡಿದ, ಅದನ್ನು ಆಗ್ರಾಕ್ಕೆ ಒಯ್ದು ರತ್ನದ ಕೆಲಸ ಮಾಡಿಸಿದ ಕೊಳವೆಯಲ್ಲಿ ಅಕ್ಬರನ ಮುಂದಿಟ್ಟ. ಅಂದರೆ 1602ರ ಕಥೆ ಬರೆಯುವಾಗ ಅಕ್ಬರನ ಮುಂದೆ ಹುಕ್ಕಾ ಇಡಬೇಡಿ. ಇಂಥ ಚಿಕ್ಕ ತಪ್ಪೊಂದು ಸಿಕ್ಕರೆ ತಿಳಿದ ಓದುಗರು ಉಳಿದದ್ದನ್ನೂ ನಂಬುವುದಿಲ್ಲ. ಬಾಬರನ ಅಡುಗೆಮನೆಯಲ್ಲಿ ಟೊಮೆಟೊ, ಹಸಿಮೆಣಸಿನಕಾಯಿ ಬರುವುದೂ ಇಂಥದೇ.

ಇದರ ಬೆಲೆ ಸಮಯ. ಬುಂದೇಲಖಂಡದ ರಾಜಕೀಯ, ಸಲೀಮನ ದಂಗೆ, ಸರದಾರರ ಗುಂಪುಗಳು ಎಲ್ಲ ಓದಬೇಕು. ಒಂದು ವರ್ಷ ಕೊಡಲು ಆಗದಿದ್ದರೆ ಮುಟ್ಟಬೇಡಿ. ಇನ್ನೊಂದು ಕಷ್ಟ, ಹೆಣ್ಣು ಪಾತ್ರಗಳು ದಾಖಲೆಯಲ್ಲಿ ಬಹಳ ಕಡಿಮೆ, ನೀವೇ ಹುಟ್ಟಿಸಬೇಕು.

ಬುರ್ಹಾನ್‌ಪುರದ ಎರಡು ಸಾವುಗಳು

ತಾಪಿ ನದಿಯ ದಡದ ಈ ಊರಿನಲ್ಲಿ ಹದಿನೇಳು ವರ್ಷಗಳ ಅಂತರದಲ್ಲಿ ಇಬ್ಬರು ರಾಜಕುಮಾರರು ಸತ್ತರು.

ಒಬ್ಬ ಅಕ್ಬರನ ಮಗ ದಾನಿಯಾಲ್, 1605ರಲ್ಲಿ. ಅಸದ್ ಬೇಗ್ ಬಿಜಾಪುರದಿಂದ ಕರೆತಂದ ರಾಜಕುಮಾರಿಯನ್ನು ಅವನು ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಕುಡಿತ ವಿಪರೀತ ಎಂದು ಮಾವ ಅಬ್ದುಲ್ ರಹೀಮ್ ಖಾನ್‌ಖಾನಾ ಕಾವಲು ಹಾಕಿಸಿದ್ದ. ಕೊನೆಗೆ ಮುರ್ಷಿದ್ ಕುಲಿ ಎಂಬ ಬಂದೂಕಿನವನು ಕೋವಿಯ ನಳಿಗೆಯಲ್ಲೇ ಮದ್ಯ ತುಂಬಿ ತಂದುಕೊಟ್ಟ. ಒಳಗಿನ ಮದ್ದು, ತುಕ್ಕು ಎಲ್ಲ ಅದರಲ್ಲಿ ಕರಗಿತ್ತು. ಕುಡಿದ ದಾನಿಯಾಲ್ ಮತ್ತೆ ಏಳಲಿಲ್ಲ. ಆ ಕೋವಿಗೆ ಅವನೇ ಮೊದಲು "ಯಕ್ಕಾ-ಓ-ಜನಾಜಾ" ಎಂದು ಹೆಸರಿಟ್ಟಿದ್ದ. ಅದರ ಏಟು ಬಿದ್ದವನಿಗೆ ಚಟ್ಟವೇ ಗತಿ ಎಂಬ ಅರ್ಥದ ಹೆಸರು. ಇದನ್ನೆಲ್ಲ ನಮಗೆ ಹೇಳುವವನು ಅಣ್ಣ ಜಹಾಂಗೀರ್. ಈ ಸಾವಿನಿಂದ ಸಿಂಹಾಸನದ ದಾರಿ ಸಲೀಸಾದದ್ದು ಅವನಿಗೇ. ಮರುಕವೋ ಅತಿಆಸೆಯೋ ಕೈವಾಡವೋ ಎಂಬುದು ತೆರೆದೇ ಇದೆ. ಕಿರುಕಾದಂಬರಿಗೆ ಹೇಳಿ ಮಾಡಿಸಿದ ವಸ್ತು.

ಇನ್ನೊಬ್ಬ ಜಹಾಂಗೀರನ ಹಿರಿಯ ಮಗ ಖುಸ್ರೋ, 1622ರಲ್ಲಿ. ಅಪ್ಪನ ವಿರುದ್ಧ ದಂಗೆ ಎದ್ದು, ಕಣ್ಣು ಕಳೆದುಕೊಂಡು, ಸೆರೆಯಲ್ಲಿದ್ದವನು. ತಮ್ಮ ಖುರ್ರಂ, ಅಂದರೆ ಮುಂದಿನ ಶಹಜಹಾನ್, ದಖ್ಖನಿಗೆ ಹೊರಡುವಾಗ ಅಣ್ಣನನ್ನು ತನ್ನ ವಶಕ್ಕೆ ಕೊಡಿ ಎಂದು ಹಟ ಹಿಡಿದು ಕರೆದೊಯ್ದ. ಬುರ್ಹಾನ್‌ಪುರದಿಂದ ಅಪ್ಪನಿಗೆ ಬಂದ ಓಲೆಯಲ್ಲಿ ಹೊಟ್ಟೆಶೂಲೆಯಿಂದ ತೀರಿಕೊಂಡ ಎಂದಿತ್ತು. ಡಚ್ ವರ್ತಕರು ಬರೆದಿಟ್ಟದ್ದು ಬೇರೆ. ಖುರ್ರಂ ಬೇಟೆಗೆ ಹೋಗಿದ್ದಾಗ ರಾತ್ರಿ ರಜಾ ಎಂಬ ಗುಲಾಮ ಬಂದು ಬಾಗಿಲು ತಟ್ಟಿದ, ಖುಸ್ರೋ ತೆಗೆಯಲಿಲ್ಲ, ಬಾಗಿಲು ಒಡೆದು ಕುತ್ತಿಗೆ ಹಿಸುಕಿದರು. ಬೆಳಿಗ್ಗೆ ಹೆಂಡತಿ ನೋಡಿ ಕಿರುಚಿದಳು.

ಬೀಗ ಹಾಕಿದ ಕೋಣೆ, ಎರಡು ಹೇಳಿಕೆ, ದೂರದಲ್ಲಿದ್ದೆ ಎಂದು ತೋರಿಸಿಕೊಳ್ಳುವ ತಮ್ಮ. ಗುಟ್ಟಿನ ವಿಷಯದಲ್ಲಿ ಈ ಪಟ್ಟಿಯಲ್ಲೇ ಇದಕ್ಕೆ ಮೊದಲ ಸ್ಥಾನ. ಆದರೆ ಕೇಳುವವರು ಯಾರು? ಆ ಊರು ಪೂರ್ತಿ ಖುರ್ರಂನ ಕೈಯಲ್ಲಿತ್ತು. ಬಹಳ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಆ ಹೆಂಡತಿಯೇ. ಅವಳು ಮಿರ್ಜಾ ಅಜೀಜ್ ಕೋಕಾನ ಮಗಳು. ಅಂದರೆ 1562ರಲ್ಲಿ ಆಗ್ರಾದಲ್ಲಿ ಕೊಲೆಯಾದ ಅತಗಾ ಖಾನ್‌ನ ಮೊಮ್ಮಗಳು. ಆಸ್ಥಾನದ ಕೊಲೆ ಹೇಗಿರುತ್ತದೆ ಎಂಬುದು ಅವಳ ಮನೆಯಲ್ಲಿ ತಲೆಮಾರಿನಿಂದ ಗೊತ್ತು. ಜನಾನಾದ ಒಳಗಿನಿಂದ, ದಾಸಿಯರ ಬಾಯಿಂದ, ಬಾಗಿಲ ಮುರಿದ ಹಲಗೆಯಿಂದ ಅವಳು ಸತ್ಯ ಕೂಡಿಸಬಹುದು. ಹೆಣ್ಣೊಬ್ಬಳೇ ಕಥೆ ನಡೆಸಬೇಕು ಎನ್ನುವವರು ಕಣ್ಣು ಮುಚ್ಚಿ ಇದನ್ನು ಆರಿಸಿಕೊಳ್ಳಿ.

ಉಳಿದವು

ನೂರ್ ಜಹಾನಳ ಮೊದಲ ಗಂಡ ಶೇರ್ ಅಫ್ಘನ್ 1607ರಲ್ಲಿ ಬರ್ಧಮಾನದಲ್ಲಿ ಸತ್ತದ್ದನ್ನು ಎಲ್ಲರೂ ಮೊದಲು ಹೇಳುತ್ತಾರೆ. ಜಹಾಂಗೀರನೇ ಅವಳಿಗಾಗಿ ಕೊಲ್ಲಿಸಿದ ಎಂಬುದು ಆಮೇಲೆ ಬೆಳೆದ ಕಥೆ, ಆ ಕಾಲದವರ ಬರವಣಿಗೆಯಲ್ಲಿ ಇಲ್ಲ. ಅವಳನ್ನು ಮದುವೆಯಾದದ್ದೂ 1611ರಲ್ಲಿ. ಪ್ರೇಮಕಥೆಗೆ ಸರಿ, ತನಿಖೆಗೆ ಆಧಾರ ಸಾಲದು.

ಎರಡನೇ ಆಲಂಗೀರನ ಕೊಲೆ ಬೇರೆ ಬಗೆಯದು. 1759ರ ನವೆಂಬರ್‌ನಲ್ಲಿ, ಒಬ್ಬ ಸಿದ್ಧ ಫಕೀರ ಬಂದಿದ್ದಾನೆ ಎಂದು ಹೇಳಿ ಮುದಿ ಬಾದಷಹನನ್ನು ದೆಹಲಿಯ ಫಿರೋಜ್ ಶಾ ಕೋಟ್ಲಾಗೆ ಕರೆಸಿ ಇರಿದು ಕೊಂದರು, ಹೆಣವನ್ನು ಯಮುನೆಯ ಮರಳಿಗೆ ಎಸೆದರು. ಮಾಡಿಸಿದವನು ವಜೀರ ಇಮಾದ್-ಉಲ್-ಮುಲ್ಕ್. ಅರಮನೆಯ ವೈಭವ ಬೇಡ, ಕುಸಿಯುತ್ತಿರುವ ಊರಿನ ಕತ್ತಲು ಬೇಕು ಎನ್ನುವವರಿಗೆ ಇದಿದೆ.

ಖರ್ಚಿನ ಮಾತು

ಜಾಗ ನೋಡಿ ಬರಬೇಕು ಎನ್ನುವವರಿಗೆ ಒಂದು ಅನುಕೂಲ ಇದೆ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಬುರ್ಹಾನ್‌ಪುರ, ಗ್ವಾಲಿಯರ್, ಆಗ್ರಾ ಇದೇ ದಾರಿಯಲ್ಲಿ ಸಾಗುತ್ತದೆ. ಬುರ್ಹಾನ್‌ಪುರದ ಶಾಹಿ ಕಿಲಾ, ಗ್ವಾಲಿಯರ್ ಹತ್ತಿರದ ಅಂತ್ರಿಯಲ್ಲಿರುವ ಅಬುಲ್ ಫಜಲನ ಗೋರಿ, ಆಗ್ರಾ ಕೋಟೆ ಎಲ್ಲವೂ ಒಂದೇ ಪ್ರಯಾಣದಲ್ಲಿ ಆಗುತ್ತವೆ. ಖುಸ್ರೋನ ಗೋರಿ ಇರುವುದು ಪ್ರಯಾಗರಾಜಿನ ಖುಸ್ರೋ ಬಾಗ್‌ನಲ್ಲಿ, ಅದಕ್ಕೆ ಬೇರೆಯೇ ಹೋಗಬೇಕು. ಒಂದೇ ಊರಿಗೆ ಹೋಗುವಷ್ಟು ಹಣ ಇದ್ದರೆ ಬುರ್ಹಾನ್‌ಪುರಕ್ಕೆ ಹೋಗಿ. ಎರಡು ಕಥೆಗೆ ಆಗುತ್ತದೆ. ಎಲ್ಲಿಗೂ ಹೋಗಲು ಆಗದವರಿಗೆ ಬಾಬರನ ಅಡುಗೆಮನೆ ಇದೆ, ಅದು ಪೂರ್ತಿ ಪುಸ್ತಕದೊಳಗೇ ಇದೆ. ವಿಜಯಪುರದ ಕಡೆಯವರಾದರೆ ಅಸದ್ ಬೇಗ್‌ನನ್ನು ನಿಮ್ಮ ಊರಿನಿಂದಲೇ ಶುರು ಮಾಡಬಹುದು. ಬಿಜಾಪುರದಲ್ಲಿ ಕೂತು ಎರಚ್‌ನ ರಾತ್ರಿಯನ್ನು ನೆನಪಿಸಿಕೊಳ್ಳುವ ಹಾಗೆ.

ನಾನಂತೂ ದಾರಾನ ಟಿಪ್ಪಣಿ ಬದಿಗಿಟ್ಟು ಅಸದ್ ಬೇಗ್‌ನ ಹಿಂದೆ ಹೊರಟಿದ್ದೇನೆ. ಮೊದಲ ದೃಶ್ಯವೂ ಸಿಕ್ಕಿದೆ. ಶಹಜಾದೆ ಸತ್ತರೆ ಆ ಮಾತನ್ನು ಬಾದಷಹನ ಎದುರು ಬಾಯಲ್ಲಿ ಹೇಳುವ ಪದ್ಧತಿ ತೈಮೂರರ ಮನೆತನದಲ್ಲಿ ಇರಲಿಲ್ಲ. ಸತ್ತವನ ವಕೀಲ, ಅಂದರೆ ಆಸ್ಥಾನದಲ್ಲಿದ್ದ ಅವನ ಪ್ರತಿನಿಧಿ, ಕೈಗೆ ನೀಲಿ ಕರವಸ್ತ್ರ ಕಟ್ಟಿಕೊಂಡು ಬಂದು ನಿಲ್ಲುತ್ತಿದ್ದ. ಅಬುಲ್ ಫಜಲ್ ಶಹಜಾದೆ ಅಲ್ಲ. ಆದರೂ ಅಕ್ಬರನಿಗೆ ಸುದ್ದಿ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ಅವನ ವಕೀಲ ಮಣಿಕಟ್ಟಿಗೆ ನೀಲಿ ಬಟ್ಟೆ ಸುತ್ತಿಕೊಂಡು ದರ್ಬಾರಿಗೆ ನಡೆದು ಬಂದ.